ಅಂಕಲಿಪಿ ನಾನು ತರುತ್ತೇನೆ

ಕನ್ನಡ ಸಂಘದ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಕೊಲ್ಲಾಪುರ, ಇಚಲಕರಂಜಿಯಿಂದ ಬಂದ ಬಂಧುಗಳೇ, ಭಾಷಣ ಯಾವಾಗ ಮುಗಿದು ಕುಣಿತ ಯಾವಾಗ ಸುರುವಾಗುತ್ತದೆ ಎಂದು ಮುಂದಿನ ಸಾಲಿನಲ್ಲಿ ಕಾಯುತ್ತಿರುವ ಮಕ್ಕಳೇ, ಎಲ್ಲರಿಗೂ ಶರಣು.

ಗಡಹಿಂಗ್ಲಜಕ್ಕೆ ನಾನು ಬಂದದ್ದು ಇದೇ ಮೊದಲು. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಈ ಕಡೆ ಹೊರಳಿದ ಮೇಲೆ ಬೋರ್ಡಿನ ಅಕ್ಷರ ಬದಲಾದವು. ಕಬ್ಬಿನ ಹೊಲ ಹಾಗೇ ಇತ್ತು, ಹಿರಣ್ಯಕೇಶಿಯೂ ಅದೇ. ಆಂಬೋಲಿಯಲ್ಲಿ ಹುಟ್ಟಿ, ನಿಮ್ಮ ಊರು ದಾಟಿ, ಸಂಕೇಶ್ವರ ಹಾದು ಘಟಪ್ರಭೆಗೆ ಕೂಡುವ ಹೊಳೆ ಅದು.

ಇವತ್ತು ಮುಂಜಾನೆ ಪೇಟೆಯಲ್ಲಿ ಅಡ್ಡಾಡಿದೆ. ಸಂಕೇಶ್ವರಿ ಮೆಣಸಿನಕಾಯಿ ರಾಶಿಯ ಮುಂದೆ ಒಬ್ಬ ಅಜ್ಜಿ ಒಂದು ಕಾಯಿ ಮುರಿದು, ಬೀಜವನ್ನು ಅಂಗೈಗೆ ಉದುರಿಸಿ, ಮೂಗಿಗೆ ಹಿಡಿದು ನೋಡಿದಳು. ಮರಾಠಿಯಲ್ಲಿ ದರ ಕೇಳಿ, ಸೊಸೆಯ ಕಡೆ ತಿರುಗಿ, "ತುಟ್ಟಿ ಹೇಳಾಕತ್ತಾನ, ನಡಿ ಮುಂದ" ಅಂದಳು. ವ್ಯಾಪಾರಿ ನಕ್ಕ: "ಆಯಿ, ನನಗೂ ತಿಳೀತೈತಿ. ಬರ್ರಿ, ಹತ್ತು ರೂಪಾಯಿ ಬಿಡ್ತೀನಿ." ಮಕ್ಕಳೇ, ನೆನಪಿಡಿ, ಕನ್ನಡಕ್ಕೆ ಗಡಹಿಂಗ್ಲಜದ ಪೇಟೆಯಲ್ಲಿ ಹತ್ತು ರೂಪಾಯಿ ರಿಯಾಯಿತಿ ಉಂಟು!

ಇಷ್ಟು ಜೀವಂತ ಕನ್ನಡ ಕಂಡು ಖುಷಿಯಾಯಿತು. ಆದರೆ ನಿನ್ನೆ ಸಂಜೆ ಸ್ಟ್ಯಾಂಡಿನಲ್ಲಿ ನನ್ನನ್ನು ಕರೆದೊಯ್ಯಲು ಬಂದ ಹುಡುಗನನ್ನು ನೆನೆದರೆ ಚಿಂತೆಯೂ ಆಗುತ್ತದೆ. ಅರಳು ಹುರಿದಂತೆ ಕನ್ನಡ ಮಾತಾಡುತ್ತಾನೆ. ಪಕ್ಕದಲ್ಲಿ ನಿಂತ ಕರ್ನಾಟಕದ ಬಸ್ಸು ತೋರಿಸಿ, "ಕಾಕಾ, ಇದು ಎಲ್ಲಿಗೆ ಹೋಗ್ತೈತಿ?" ಎಂದು ಕೇಳಿದ. 'ಬೆಳಗಾವಿ' ಎಂದು ಕನ್ನಡದಲ್ಲಿ ದಪ್ಪಗೆ ಬರೆದಿತ್ತು.

ತಪ್ಪು ಹುಡುಗನದಲ್ಲ. ಇಚಲಕರಂಜಿಯ ತಂಗಿಯೊಬ್ಬರು ಊಟದ ಹೊತ್ತಿಗೆ ಹೇಳಿದರು: "ಎರಡು ಪಾಳಿ ಮಗ್ಗ ನಡೀತಾವ ಅಣ್ಣಾ, ಮಕ್ಕಳನ್ನ ಕೂಡಿಸಿ ಕಲಸಾಕ ಹೊತ್ತೆಲ್ಲಿ ಐತಿ?" 1904ರಲ್ಲಿ ಮೊದಲ ಪವರ್‌ಲೂಮ್ ಕಂಡ ಊರು ಅದು. ರಬಕವಿ, ಬನಹಟ್ಟಿ ಕಡೆಯವರ ಬೆವರೂ ಆ ಬಟ್ಟೆಯಲ್ಲಿದೆ. ಮನೆಯಲ್ಲಿ ಹೊತ್ತಿಲ್ಲದಿದ್ದರೆ ಆ ಕೆಲಸ ಸಂಘದ್ದು.

ಮರಾಠಿ ಬಿಡಿ ಎಂದು ನಾನು ಹೇಳುವುದಿಲ್ಲ. ಅನ್ನ ಕೊಟ್ಟ ಭಾಷೆ, ಚೆನ್ನಾಗಿ ಕಲಿಯಲಿ. ಬೇಂದ್ರೆಯವರ ಮನೆಮಾತೇ ಮರಾಠಿ. ಸೊಲ್ಲಾಪುರದಲ್ಲಿ ಪಾಠ ಹೇಳಿದರು, 1973ರ ಜ್ಞಾನಪೀಠ ಕನ್ನಡಕ್ಕೆ ತಂದರು. ಗೋಕಾಕರು ಕೊಲ್ಲಾಪುರದ ರಾಜಾರಾಮ್ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದವರು. 1990ರ ಜ್ಞಾನಪೀಠ ಅವರದು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಹಾಡು ಕಲಿಸಿದವರು ಕೊಲ್ಲಾಪುರ ದರ್ಬಾರಿನ ಅಲ್ಲಾದಿಯಾ ಖಾನರ ಮಕ್ಕಳು, ಮಂಜಿ ಖಾನ್ ಮತ್ತು ಭುರ್ಜಿ ಖಾನ್. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನೇ ನೋಡಿ. ಪೂರ್ವಜರು ಆಫ್ರಿಕಾದಿಂದ ಬಂದವರು. ಇವತ್ತು ಕೊಂಕಣಿ, ಕನ್ನಡ, ಮರಾಠಿ ಮೂರನ್ನೂ ಆಡುವವರು ಅವರಲ್ಲಿದ್ದಾರೆ. ಎರಡು ಭಾಷೆ ನಮ್ಮ ಮಕ್ಕಳಿಗೆ ಭಾರವೇ?

ಹಾಗಾಗಿ ನನ್ನ ಬೇಡಿಕೆ ಒಂದೇ, ನನ್ನನ್ನು ಬಲ್ಲವರಿಗೆ ಗೊತ್ತು, ಇದು ನನ್ನ ಹಳೆಯ ಹಟ: ಅಕ್ಷರ. ಮಾತು ಮನೆಯಲ್ಲಿ ತಾನಾಗಿ ಬರುತ್ತದೆ, ಅಕ್ಷರವನ್ನು ಕೂತು ಕಲಿಸಲೇಬೇಕು. ರವಿವಾರ ಒಂದು ತಾಸು ಸಾಕು. 'ಅ'ದಿಂದ 'ಳ'ದವರೆಗೆ ತಿದ್ದಿಸಿ, ಒತ್ತಕ್ಷರಕ್ಕೆ ಬಂದಾಗ ಅವಸರ ಮಾಡಬೇಡಿ. ಒಂದು ದಿನ ಎಲ್ಲರನ್ನೂ ಶಿರೋಳ ತಾಲ್ಲೂಕಿನ ಖಿದ್ರಾಪುರಕ್ಕೆ ಕರೆದೊಯ್ಯಿರಿ. ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಹಳೆಯ ಲಿಪಿ, ಪೂರ್ತಿ ಓದಲಾಗದು. ಆದರೆ ಈ ನೆಲದ ಕಲ್ಲಿನಲ್ಲಿ ತಮ್ಮ ಅಜ್ಜಿಯ ಭಾಷೆ ಕೆತ್ತಿದ್ದಾರೆ ಎಂದು ಮಕ್ಕಳು ಬೆರಳಿಟ್ಟು ನೋಡಲಿ.

ಮುಂದಿನ ವಾರ್ಷಿಕೋತ್ಸವದ ವರದಿಯನ್ನು ಕಾರ್ಯದರ್ಶಿಗಳು ಓದುವುದು ಬೇಡ. ಐದನೇ ಇಯತ್ತೆಯ ಹುಡುಗಿಯೊಬ್ಬಳು ಕಾಗದ ನೋಡಿ ಕನ್ನಡದಲ್ಲಿ ಓದಲಿ. ಮೊದಲ ಪಾಠಕ್ಕೆ ನಾನೇ ಬರುತ್ತೇನೆ. ಅಂಕಲಿಪಿ ನನ್ನದು, ಧಾರವಾಡ ಪೇಢೆಯೂ ನನ್ನದು. ರವಿವಾರ ಯಾವುದೆಂದು ಅಧ್ಯಕ್ಷರು ಇವತ್ತೇ ಇದೇ ಮೈಕಿನಲ್ಲಿ ಹೇಳಿಬಿಡಲಿ.