ಬಿಡಿಸುವ ಮೊದಲು ಉಳಿಸೋಣ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ವ್ಯಸನಮುಕ್ತ ಗ್ರಾಮ'. ನಾನು ಸರಕಾರಿ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ನನ್ನ ಮೇಜಿನ ಮುಂದೆ ಬಂದು ಕೂರುವವರಲ್ಲಿ ಮುಕ್ತರಾದವರು ಕಡಿಮೆ, ಇನ್ನೂ ವ್ಯಸನದೊಳಗೇ ಇರುವವರು ಹೆಚ್ಚು. ಇವತ್ತು ಸಂಜೆಯೂ ಕುಡಿಯುವವರು, ನಾಳೆಯೂ ಕುಡಿಯುವವರು. ಹಾಗಾಗಿ ಮುಕ್ತರಾಗುವುದಕ್ಕಿಂತ ಹಿಂದಿನ ದಿನಗಳ ಬಗ್ಗೆ ಮಾತಾಡುತ್ತೇನೆ. ಆ ದಿನಗಳಲ್ಲೇ ಮನುಷ್ಯ ಸಾಯುವುದು.

ನಮ್ಮ ಕಡೆ ಕುಡಿತ ಬಿಡಿಸುವ ದಾರಿಗಳಿಗೆ ಬರವಿಲ್ಲ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಬೇಡ, ಕಾಳು ಬೇಡ, ನಿಮ್ಮ ಚಟ ಹಾಕಿರಿ ಎಂದು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಈಗ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಹಾಕಿಕೊಂಡು ಸೆರೆ ಮುಟ್ಟದೆ ಇಡೀ ಬಾಳು ಕಳೆದವರು ಈ ಸಭೆಯಲ್ಲೇ ಇದ್ದಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಶಿಬಿರ ಮುಗಿದ ಮೇಲೆ 'ನವಜೀವನ ಸಮಿತಿ' ಅಂತ ಗುಂಪು ಕಟ್ಟುತ್ತಾರೆ. ನನ್ನ ಅನುಭವದಲ್ಲಿ ಶಿಬಿರಕ್ಕಿಂತ ಆ ಗುಂಪೇ ಹೆಚ್ಚು ಕೆಲಸ ಮಾಡುತ್ತದೆ. ಇವರೆಲ್ಲರಿಗೂ ನಾನು ಕೈಮುಗಿಯುತ್ತೇನೆ.

ಆದರೆ ಜೋಳಿಗೆಗೆ ಚಟ ಹಾಕಿ ಎಂಟು ದಿನಕ್ಕೆ ಮತ್ತೆ ತೆಗೆದುಕೊಂಡವನು? ಮಾಲೆ ಹಾಕಿಕೊಂಡು ಕಾರ್ಖಾನೆ ಸೀಜನ್ ಶುರುವಾದ ಕೂಡಲೆ ಕಳಚಿಟ್ಟವನು? ಅವನಿಗೆ ನಮ್ಮಲ್ಲಿ ಜಾಗವಿಲ್ಲ. ದೇವರ ಆಣೆ ಮುರಿದವನು ಅಂತ ಮನೆಯವರೂ ಹತ್ತಿರ ಸೇರಿಸುವುದಿಲ್ಲ. ಆಣೆ ಮುರಿದ ನಾಚಿಕೆಗೆ ಅವನು ಇನ್ನಷ್ಟು ಕುಡಿಯುತ್ತಾನೆ, ಆಸ್ಪತ್ರೆಯ ಕಡೆ ಸುಳಿಯುವುದಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್‌ನವರು ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು ಅದರಲ್ಲಿದೆ. ಉಳಿದ 37 ಜನ ಎಲ್ಲಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ಸಂತೆಯ ದಿನ ಬಸ್‌ಸ್ಟ್ಯಾಂಡಿನ ಹಿಂದೆ ನೋಡಿದರೆ ಸಾಕು.

ಈ 37 ಜನರಿಗಾಗಿ ಜಗತ್ತಿನಲ್ಲಿ ಬೇರೆ ಒಂದು ವಿಚಾರ ಹುಟ್ಟಿದೆ. ಕನ್ನಡದಲ್ಲಿ 'ಹಾನಿ ತಗ್ಗಿಸುವುದು' ಎನ್ನಬಹುದು. 1984ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ಊರಿನಲ್ಲಿ ಔಷಧಿ ಅಂಗಡಿಯವರೊಬ್ಬರು ಮಾದಕ ದ್ರವ್ಯ ಚುಚ್ಚಿಕೊಳ್ಳುವವರಿಗೆ ಸೂಜಿ ಮಾರುವುದನ್ನು ನಿಲ್ಲಿಸಿದರು. ಒಂದೇ ಸೂಜಿ ಹಲವರ ಕೈ ಸೇರಿದರೆ ಕಾಮಾಲೆ ಹರಡುವ ಭಯ. ಆಗ ಚುಚ್ಚಿಕೊಳ್ಳುವವರದೇ ಒಂದು ಸಂಘ ಮುಂದೆ ಬಂದು, ಹಳೆಯ ಸೂಜಿ ತಂದು ಕೊಟ್ಟವರಿಗೆ ಹೊಸದನ್ನು ಕೊಡುವ ವ್ಯವಸ್ಥೆ ಮಾಡಿಸಿತು. ಬಿಟ್ಟೆಯಾ, ಯಾವಾಗ ಬಿಡುತ್ತೀಯಾ ಎಂಬ ಪ್ರಶ್ನೆ ಅಲ್ಲಿ ಇರಲಿಲ್ಲ. ಮುಂದೆ ಎಚ್‌ಐವಿ ಬಂದಾಗ ಈ ಪದ್ಧತಿಯ ಬೆಲೆ ಜಗತ್ತಿಗೆ ತಿಳಿಯಿತು. ನಮ್ಮ ದೇಶದಲ್ಲಿ ಮಣಿಪುರದ ಹುಡುಗರು ಸೂಜಿಯಿಂದಲೇ ಎಚ್‌ಐವಿಗೆ ಬಲಿಯಾದರು. ಅಲ್ಲಿ ಹೊಸ ಸೂಜಿ ಕೊಡುವುದು, ಹೆರಾಯಿನ್ ಬದಲು ನಾಲಿಗೆ ಕೆಳಗಿಡುವ ಬುಪ್ರಿನಾರ್ಫಿನ್ ಮಾತ್ರೆ ಕೊಡುವುದು, ಇವೆಲ್ಲ ಈಗ ಸರಕಾರವೇ ನಡೆಸುವ ಕೆಲಸ. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮು, ಅಪಾಯ ತಗ್ಗಿಸಲು ಹೀಗೆ ಮಾಡುವುದು ಅಪರಾಧವಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಮೂರು ತಾಲೂಕುಗಳಿಗೆ ಸೂಜಿಯ ಕಥೆ ದೂರದ್ದು ಎನ್ನಿಸಬಹುದು. ನಮ್ಮ ದೊಡ್ಡ ರೋಗ ಸೆರೆ ಮತ್ತು ತಂಬಾಕು, ಈಚೆಗೆ ಗಾಂಜಾ. ಆದರೂ ಹಾನಿ ತಗ್ಗಿಸುವ ಕೆಲಸ ಘಟಪ್ರಭೆಯ ದಂಡೆಗೆ ಹೊಸದಲ್ಲ. ಅದು ಬೇರೊಂದು ಬಾಗಿಲಿನಿಂದ ಬಂತು.

ಇಪ್ಪತ್ತು ವರ್ಷದ ಹಿಂದೆ ಬೆಳಗಾವಿ ಜಿಲ್ಲೆಯ ಹೆಸರು ಎಚ್‌ಐವಿ ಪಟ್ಟಿಯಲ್ಲಿ ಮೇಲಿತ್ತು. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳ ಪರೀಕ್ಷೆ ಮಾಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಸೋಂಕು ಕಂಡಿತ್ತು. ಅವರಲ್ಲಿ ಅನೇಕರು ಎಲ್ಲಮ್ಮನಿಗೆ ಬಿಟ್ಟ ದೇವದಾಸಿಯರು. 1982ರ ಕಾಯ್ದೆ ಪದ್ಧತಿಯನ್ನು ನಿಷೇಧಿಸಿತ್ತು, ಆದರೆ ಮುತ್ತು ಕಟ್ಟಿಸಿಕೊಂಡಾಗಿದ್ದ ಹೆಣ್ಣಿಗೆ ಕಾಯ್ದೆ ಊಟ ಹಾಕಲಿಲ್ಲ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟಿನ ಮೂಲಕ ಈ ಜಿಲ್ಲೆಗೂ ಬಂತು. ಅವರು ಮೊದಲು ವೃತ್ತಿ ಬಿಡು, ಆಮೇಲೆ ಚಿಕಿತ್ಸೆ ಎನ್ನಲಿಲ್ಲ. ನಿರೋಧ್ ಕೊಟ್ಟರು, ಗುಪ್ತರೋಗಕ್ಕೆ ಔಷಧ ಕೊಟ್ಟರು, ಪೊಲೀಸರು ಹೊಡೆದರೆ ಜೊತೆಗೆ ಹೋಗಿ ನಿಂತರು. ಮನೆಮನೆಗೆ ಹೋಗಿ ಮಾತಾಡಿಸಿದ ಪೀರ್ ಎಜುಕೇಟರುಗಳು ಅದೇ ಬದುಕು ಕಂಡ ಹೆಣ್ಣುಮಕ್ಕಳು. ಆಗ ಊರಿನ ದೊಡ್ಡವರು, ಇದರಿಂದ ಕೆಟ್ಟದ್ದಕ್ಕೆ ಕುಮ್ಮಕ್ಕು ಕೊಟ್ಟಂತಾಗುತ್ತದೆ ಎಂದು ಗೊಣಗಿದ್ದುಂಟು. ಮುಂದಿನ ವರ್ಷಗಳಲ್ಲಿ ಇಳಿದದ್ದು ಸೋಂಕು.

ಇದರ ಪಕ್ಕದಲ್ಲೇ ಇನ್ನೊಂದು ಹೆಸರು ಹೇಳಬೇಕು. ಘಟಪ್ರಭಾದಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ನಾವೆಲ್ಲ 'ಮಾಸ್' ಎನ್ನುತ್ತೇವೆ. ಅದರ ಗುರಿ ಬೇರೆ, ದೇವದಾಸಿ ಬಿಡುವುದನ್ನೇ ನಿಲ್ಲಿಸುವುದು. ಆದರೆ ನಡೆಸಿದವರು ಮಾಜಿ ದೇವದಾಸಿಯರೇ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸ್ವತಃ ಅನುಭವಿಸಿದವರ ಮಾತಿಗೆ ಬಾಗಿಲು ತೆರೆಯುತ್ತದೆ. ನನ್ನಂಥ ಪಗಾರದವರು ಹೋದರೆ ಮೊದಲು ಚಹಾ ಕೊಟ್ಟು ಕಳಿಸುತ್ತಾರೆ.

ಇದನ್ನೇ ಸೆರೆಗೆ ಹಚ್ಚಿ ನೋಡೋಣ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಯಂದಿರು ಲಕ್ಷ್ಯ ಕೊಡಬೇಕು.

ದಿನಾಲು ವಿಪರೀತ ಕುಡಿಯುವವನನ್ನು ಒಮ್ಮೆಲೇ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ. ಕೆಲವೇ ತಾಸಿನಲ್ಲಿ ಕೈ ನಡುಗುತ್ತದೆ, ಬೆವರುತ್ತಾನೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಗೋಡೆ ಮೇಲೆ ಹುಳ ಹರಿದಂಗೆ ಕಾಣುತ್ತದೆ, ಯಾರೋ ಕರೆದಂಗೆ ಕೇಳುತ್ತದೆ, ದಿಕ್ಕು ತಪ್ಪಿ ಮಾತಾಡುತ್ತಾನೆ. ನಮ್ಮವರು ಗಾಳಿ ಸೋಕಿತು ಅಂತ ತಾಯಿತ ಕಟ್ಟಿಸಲು ಒಯ್ಯುತ್ತಾರೆ. ಕಾಲು ಮುರಿದು ಆಸ್ಪತ್ರೆ ಸೇರಿದವನಿಗೂ ಹೀಗಾಗುವುದನ್ನು ನಾವು ಮೇಲಿಂದ ಮೇಲೆ ನೋಡುತ್ತೇವೆ, ಏಕೆಂದರೆ ಅಲ್ಲಿ ಸೆರೆ ಸಿಕ್ಕಿರುವುದಿಲ್ಲ. ಇದು ಗಾಳಿಯಲ್ಲ, ಸೆರೆ ಒಮ್ಮೆಲೇ ನಿಂತದ್ದರ ಫಲ. ಚಿಕಿತ್ಸೆ ಸಿಗದಿದ್ದರೆ ಸಾಯುತ್ತಾರೆ. ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಇದೆ, ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ ಇದೆ. ದಾಖಲು ಮಾಡುವಾಗ, ದಿನಾ ಎಷ್ಟು ಕುಡಿಯುತ್ತಾನೆ, ಕಡೆಗೆ ಕುಡಿದದ್ದು ಯಾವಾಗ ಎಂದು ಡಾಕ್ಟರಿಗೆ ನಿಜ ಹೇಳಿರಿ. ಮರ್ಯಾದೆಗೆ ಅಂಜಿ 'ಹಬ್ಬ ಹುಣ್ಣಿವಿಗೆ ಅಷ್ಟರೀ' ಎನ್ನಬೇಡಿ.

ಇನ್ನು ಗೊತ್ತಾಗದಂತೆ ಹಾಕುವ ಔಷಧ. ಒಬ್ಬ ತಂಗಿ ಬಂದು ನನ್ನ ಮುಂದೆ ಪೊಟ್ಟಣ ಬಿಚ್ಚಿದಳು. 'ಅಕ್ಕಾರ, ಚಹಾದಾಗ ಹಾಕಿದ್ರ ಗೊತ್ತಾಗಂಗಿಲ್ಲಂತ್ರಿ, ಐನೂರ ರೂಪಾಯಿ ಕೊಟ್ಟೇನ್ರಿ' ಎಂದಳು. ಅದರೊಳಗೆ ಏನಿತ್ತು ಎಂದು ಅವಳಿಗೂ ಗೊತ್ತಿಲ್ಲ, ಮಾರಿದವನೂ ಹೇಳಿಲ್ಲ. ಡೈಸಲ್ಫಿರಾಮ್ ಎಂಬ ಗುಳಿಗೆ ಇದೆ. ಅದನ್ನು ತೆಗೆದುಕೊಂಡವನು ಸೆರೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಡಾಕ್ಟರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು. ತಿಳಿಯದೆ ನುಂಗಿದವನು ಎಂದಿನಂತೆ ಸಂಜೆ ಕುಡಿಯುತ್ತಾನೆ. 2025ರಲ್ಲಿ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕುಡಿತ ಬಿಡಿಸುವ ನಾಟಿ ಔಷಧ ತೆಗೆದುಕೊಂಡವರು ಸತ್ತ ಸುದ್ದಿಯನ್ನು ನೀವೂ ಓದಿರಬೇಕು. ಆ ತಂಗಿಯ ಪೊಟ್ಟಣ ನನ್ನ ಡ್ರಾಯರಿನಲ್ಲೇ ಉಳಿಯಿತು. ಗಂಡ ಮೂರನೇ ಸಲ ಕರೆದ ಮೇಲೆ ಬಂದ. ಈಗಲೂ ಕುಡಿಯುತ್ತಾನೆ, ಆದರೆ ಊಟ ಮಾಡಿ ಕುಡಿಯುತ್ತಾನೆ, ಹೊರಡುವಾಗ ಗಾಡಿ ಕೀಲಿ ಮನೆಯಲ್ಲಿಟ್ಟು ಹೋಗುತ್ತಾನೆ, ಪಗಾರದ ಅರ್ಧ ಹೆಂಡತಿಯ ಖಾತೆಗೆ ಹೋಗುತ್ತದೆ. ನನ್ನ ವರದಿಯ ಫಾರ್ಮಿನಲ್ಲಿ ಇದನ್ನು ಬರೆಯಲು ಕಾಲಮ್ಮೇ ಇಲ್ಲ. ಅಲ್ಲಿರುವುದು 'ಬಿಟ್ಟರು', 'ಬಿಡಲಿಲ್ಲ' ಎರಡೇ.

ಟಿಬಿ ಮಾತ್ರೆಯ ಮಾತೂ ಇಲ್ಲೇ ಬರುತ್ತದೆ. ಕುಡಿದು ಮಾತ್ರೆ ನುಂಗಬೇಡ ಎಂದು ಯಾರೋ ಬೈದಿರುತ್ತಾರೆ. ಅವನು ಸೆರೆ ಬಿಡುವ ಬದಲು ಮಾತ್ರೆ ಬಿಡುತ್ತಾನೆ. ಎಚ್‌ಐವಿಯ ಎಆರ್‌ಟಿ ಮಾತ್ರೆಯದೂ ಇದೇ ಹಾಡು. ಮಾತ್ರೆ ನಡುವೆ ನಿಂತರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ, ಮನೆಮಂದಿಗೂ ಟಿಬಿ ಹರಡುತ್ತದೆ. ಕುಡಿಯುತ್ತೇನೆ ಎಂದು ಡಾಕ್ಟರಿಗೆ ಹೇಳಿದರೆ ಅವರು ಲಿವರ್ ಪರೀಕ್ಷೆ ಮಾಡಿಸಿ ಮುಂದೆ ನೋಡುತ್ತಾರೆ. ಆದರೆ ಅದನ್ನು ಹೇಳುವ ಧೈರ್ಯ ಬರಬೇಕಾದರೆ ಕೇಳುವವರು ಬೈಯಬಾರದು.

ಸಾರಾಯಿ ಬಂದಾದದ್ದು 2007ರ ಜುಲೈ 1ಕ್ಕೆ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮೆಥನಾಲ್ ಇತ್ತು. ನಾನು ನಿಷೇಧದ ವಿರೋಧಿಯಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಿಸಿ ಎಂದು ನಡೆದುಹೋದ ಸಾವಿರಾರು ಹೆಣ್ಣುಮಕ್ಕಳ ಸಂಕಟ ನನ್ನ ಮೇಜಿಗೂ ದಿನಾ ಬರುತ್ತದೆ. ನಿಷೇಧ ಬರುವತನಕ, ಬಂದ ಮೇಲೂ, ಒಂದು ಮಾತು ಕುಡಿಯುವವರಿಗೆ ಗೊತ್ತಿರಲಿ: ಕುಡಿದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆ ನೋವು ಬಂದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ತಾಸು ತಾಸಿಗೆ ಕಣ್ಣು ಹೋಗುತ್ತದೆ.

ಮಕ್ಕಳ ಮಾತಿಗೆ ಬರುತ್ತೇನೆ, ಗುರುಗಳು ಕ್ಷಮಿಸಬೇಕು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ, ಆದರೂ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಕೊಂಡು ಅಂಗೈಯಲ್ಲಿ ಕೂಡಿಸುತ್ತಾರೆ. ಪಂಕ್ಚರ್ ತಿದ್ದುವ ಸೊಲ್ಯೂಷನ್, ವೈಟ್ನರ್ ಮೂಸುವ ಹುಡುಗರೂ ಇದ್ದಾರೆ. ಅದೇ 2019ರ ಸಮೀಕ್ಷೆಯಲ್ಲಿ ಮೂಸುವ ವಸ್ತುಗಳ ಬಳಕೆ ದೊಡ್ಡವರಿಗಿಂತ 10ರಿಂದ 17 ವರ್ಷದವರಲ್ಲಿ ಹೆಚ್ಚು ಕಂಡಿತು. ಮೂಸಿದಾಗ ಹೃದಯ ಒಮ್ಮೆಲೇ ನಿಂತು ಸಾಯುವುದುಂಟು, ಮೊದಲ ಸಲವೇ. ಇಂಥ ಹುಡುಗ ಸಿಕ್ಕಿಬಿದ್ದರೆ ನಾವು ಏನು ಮಾಡುತ್ತೇವೆ? ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸುತ್ತೇವೆ, ತಂದೆಯನ್ನು ಕರೆಸುತ್ತೇವೆ, ಟಿ.ಸಿ. ಕೊಟ್ಟು ಕಳಿಸುತ್ತೇವೆ. ಶಾಲೆಯ ಗೇಟಿನಾಚೆ ಆ ಹುಡುಗನಿಗೆ ಉಳಿಯುವ ಗೆಳೆಯರು ಮೂಸುವವರು ಮಾತ್ರ. ಐವತ್ತು ವರ್ಷದ ಹಾಜರಿ ಪುಸ್ತಕಗಳನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟು ಪ್ರದರ್ಶನ ಮಾಡಿದ್ದೀರಿ, ಬಹಳ ಸಂತೋಷ. ಅದರಲ್ಲಿ ಕೆಂಪು ಮಸಿಯಲ್ಲಿ ಹೊಡೆದುಹಾಕಿದ ಹೆಸರುಗಳನ್ನೂ ಒಮ್ಮೆ ಓದಿರಿ. ಟಿ.ಸಿ. ಬೇಡ ಎಂಬುದು ಈ ಶಾಲೆಗೆ ನನ್ನ ಮೊದಲ ಬೇಡಿಕೆ.

ತಂದೆಯರಿಗೂ ಒಂದು ಮಾತು. ಮಗನ ಕೈಯಲ್ಲಿ ದುಡ್ಡು ಕೊಟ್ಟು ಕ್ವಾರ್ಟರ್ ತರಿಸುತ್ತೀರಲ್ಲ, ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಮಗುವಿನ ಕೈಗೆ ಮದ್ಯ, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕೊಡುವ ಅಂಗಡಿಯವರು ಕೇಳಿಸಿಕೊಂಡಿದ್ದರೆ ಒಳ್ಳೆಯದು.

ಗಾಂಜಾ ಸೇದುವ ಹುಡುಗರ ಮನೆಯವರು ಪೊಲೀಸರಿಗೆ ಅಂಜಿ ಆಸ್ಪತ್ರೆಗೆ ಬರುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಇಲ್ಲವೆ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರುವವರಿಗೆ ಇದು ಅನ್ವಯಿಸದು. ನಮ್ಮ ವಕೀಲ ಮಿತ್ರರು ಇದನ್ನು ಊರಲ್ಲಿ ಹೇಳಬೇಕು.

'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತಿಳಿಯುತ್ತದೆ. ಫೋನಿನಲ್ಲಿ ಮಾತಾಡುವವರಿಗೆ 14446 ವ್ಯಸನದ ಸಹಾಯವಾಣಿ, 14416 ಟೆಲಿ ಮಾನಸ್. ಎರಡಕ್ಕೂ ದುಡ್ಡಿಲ್ಲ. ಮಹೋತ್ಸವ ಸಮಿತಿಯವರಿಗೆ ನನ್ನ ಎರಡನೇ ಬೇಡಿಕೆ: ಸ್ವಾಗತ ಕಮಾನಿಗೆ ಎತ್ತಿದ ಪಟ್ಟಿಯಲ್ಲಿ ಮಿಕ್ಕ ಹಣವಿದ್ದರೆ, ವಾರಕ್ಕೊಂದು ಸಂಜೆ ಶಾಲೆಯ ಒಂದು ಕೋಣೆ ತೆರೆದು, ಒಂದು ಥರ್ಮಾಸ್ ಚಹಾ ಇಡಿ. ನಡೆಸಲು ನಮ್ಮ ಊರಲ್ಲೇ ಬಿಟ್ಟವರು ಇದ್ದಾರೆ, ಬಿಡಲು ಹೆಣಗುತ್ತಿರುವವರೂ ಇದ್ದಾರೆ. ಫಲಕ ಬೇಡ, ಫಲಕ ಇದ್ದರೆ ಯಾರೂ ಒಳಗೆ ಬರುವುದಿಲ್ಲ.

ಊಟಕ್ಕೆ ಹೊತ್ತಾಯಿತು, ಗಂಟೆ ಹೊಡೆಯುವವರು ನನ್ನನ್ನೇ ನೋಡುತ್ತಿದ್ದಾರೆ. ಊಟದ ನಂತರ ಹಳೆಯ ಕಟ್ಟಡದ ಎಂಟನೇ ತರಗತಿಯ ಕೋಣೆಯಲ್ಲಿ ಐದು ಗಂಟೆಯವರೆಗೆ ಕೂತಿರುತ್ತೇನೆ. ಬಾವಿಯ ಕಡೆಯ ಹಿಂಬಾಗಿಲೂ ತೆರೆದಿರುತ್ತದೆ. ಕುಡಿದು ಬಂದರೂ ಬನ್ನಿ.