ನಾಲ್ಕು ಜನ, ಒಂದು ಕಪಾಟು



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನಮ್ಮಲ್ಲಿ ಎಷ್ಟೋ ಜನರದು ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರ. ನಾಲ್ಕು ಜನರ ಬಟ್ಟೆಗೆ ಒಂದೇ ಕಬ್ಬಿಣದ ಕಪಾಟು. ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳುತ್ತದೆ, ಅಲ್ಲವೇ?

ಈ ಭಾನುವಾರ ಎಲ್ಲವನ್ನೂ ಮಂಚದ ಮೇಲೆ ಸುರಿಯಿರಿ. ಕಳೆದ ದಸರೆಯಿಂದ ಯಾರೂ ಮುಟ್ಟದ್ದನ್ನು ಬೇರೆ ಇಡಿ. ಬೆಳಿಗ್ಗೆ ಲೋಕಲ್ ಹಿಡಿಯುವವರ ಬಟ್ಟೆ ಕಣ್ಣಿನ ಮಟ್ಟದ ಖಾನೆಗೆ, ಮಕ್ಕಳದು ಕೆಳಗಿನ ಖಾನೆಗೆ. ಮಡಿಸಿದ ಅಂಗಿಗಳನ್ನು ಪೇರಿಸಬೇಡಿ, ಪುಸ್ತಕಗಳಂತೆ ನಿಲ್ಲಿಸಿ. ಒಂದನ್ನು ಎಳೆದರೆ ಹತ್ತು ಕೆಡುವುದಿಲ್ಲ. ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ.

ನನ್ನ ಕಪಾಟಿನ ಒಂದು ಖಾನೆ ತೀರಿಹೋದ ಅಮ್ಮನ ಸೀರೆಗಳದ್ದೇ ಆಗಿತ್ತು. ಉಡುತ್ತಿರಲಿಲ್ಲ, ಕೊಡಲು ಮನಸ್ಸೂ ಇರಲಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಒಂದು ಇಳಕಲ್ ಸೀರೆ ಉಳಿಸಿಕೊಂಡು, ಮೆತ್ತನೆಯ ನೂಲಿನ ಸೀರೆಗಳನ್ನು ಊರಿಗೆ, ಚಿಕ್ಕಮ್ಮನಿಗೆ ಕಳಿಸಿದೆ. ಅವು ಕೌದಿಯಾಗಿ ವಾಪಸು ಬಂದವು. ಈಗ ನನ್ನ ಮಗಳು ದಿನವೂ ಅದನ್ನೇ ಹೊದ್ದು ಮಲಗುತ್ತಾಳೆ. ಖಾನೆಯೂ ಖಾಲಿಯಾಯಿತು.

ನಿಮ್ಮ ಕಪಾಟಿನಲ್ಲೂ ಅಂಥದೊಂದು ಗಂಟಿದ್ದರೆ ಬಿಚ್ಚಿ ನೋಡಿ. ಮತ್ತೆ ಸಿಗೋಣ.