ಚುಕ್ಕಾಣಿ, ಯಂತ್ರ, ವ್ಯಾಪಾರ



1919ನೆಯ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ, ನಮ್ಮ ತರುಣರನ್ನು ಹಡಗಿನ ಅಧಿಕಾರಿಗಳನ್ನಾಗಿ ಸಿದ್ಧಗೊಳಿಸುವ ಶಿಕ್ಷಣನೌಕೆ ಈ ದೇಶದಲ್ಲಿರಲಿಲ್ಲ. ಆ ಕೊರತೆಯನ್ನು ನೀಗಲು 1927ರಲ್ಲಿ ಮುಂಬಯಿಯಲ್ಲಿ ‘ಡಫರಿನ್’ ಆರಂಭವಾಯಿತು. ಮೊದಲು ಅಲ್ಲಿ ಡೆಕ್ಕಿನ ಅಧಿಕಾರಿಗಳಿಗೆ ಮಾತ್ರ ಶಿಕ್ಷಣ. 1935ರಿಂದ ಯಂತ್ರವಿದ್ಯೆಗೂ ಸ್ಥಾನ ದೊರೆಯಿತು. ಆದರೆ ಎರಡು ವಿದ್ಯೆಗಳೂ ಬೇರೆ ಬೇರೆಯವರ ಪಾಲಾದುವು. ಅವು ಒಬ್ಬರಲ್ಲಿಯೇ ಕೂಡಬೇಕೆಂಬುದು ನಮ್ಮ ಬಿನ್ನಹ.

ದಿಕ್ಕನ್ನರಿತ ಮಾತ್ರಕ್ಕೆ ಹಡಗನ್ನರಿತಂತಾಗದು. ಅನೇಕ ದೊಡ್ಡ ಹಡಗುಗಳು ಹಿಂದಕ್ಕೆ ಸರಿಯಬೇಕಾದರೆ ಡೀಸೆಲ್ ಯಂತ್ರವನ್ನು ನಿಲ್ಲಿಸಿ, ಒತ್ತಿ ತುಂಬಿದ ಗಾಳಿಯಿಂದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಆ ಗಾಳಿಗೆ ಮಿತಿಯುಂಟು. ಇದನ್ನರಿಯದ ಅಧಿಕಾರಿ ಬಂದರಿನಲ್ಲಿ ಮೇಲಿಂದ ಮೇಲೆ ಆಜ್ಞೆಯಿತ್ತರೆ, ಅಪಾಯದ ಗಳಿಗೆಯಲ್ಲಿ ಯಂತ್ರವು ಓಗೊಡದು. ವ್ಯಾಪಾರದ ಮಾತೂ ಹಾಗೆಯೇ. ನೆನೆದ ಚೀಲಗಳನ್ನು ಹೇರಿಸಿಕೊಂಡು, ಸರಕು ಸುಸ್ಥಿತಿಯಲ್ಲಿದೆಯೆಂಬ ರಸೀದಿಗೆ ರುಜು ಹಾಕಿದರೆ ನಷ್ಟವನ್ನು ಹಡಗಿನೊಡೆಯರೇ ತೆರಬೇಕಾದೀತು.

ನಾವಿಕರ ಶಿಕ್ಷಣವನ್ನು ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದವನ್ನು 1995ರಲ್ಲಿ ತಿದ್ದಿದಾಗ, ಡೆಕ್ಕು ಮತ್ತು ಯಂತ್ರಗಳೆರಡರ ಅರ್ಹತೆಯನ್ನೂ ಒಬ್ಬರೇ ಪಡೆಯಲು ದಾರಿಯಾಯಿತು. ಆ ದಾರಿಯನ್ನು ನಾವು ಹಿಡಿಯಬೇಡವೆ?

1956ರವರೆಗೆ ಕಾರವಾರ ಮುಂಬಯಿಗೂ ಮಂಗಳೂರು ಮದರಾಸಿಗೂ ಸೇರಿದ್ದುವು. ಮೈಸೂರಿಗೆ ಕಡಲೇ ಇರಲಿಲ್ಲ. ಏಕೀಕರಣವು ಕನ್ನಡನಾಡಿಗೆ ತನ್ನ ಕರಾವಳಿಯನ್ನು ಮರಳಿ ಕೂಡಿಸಿತು. ಆದರೆ ದಡ ನಮ್ಮದಾದರೆ ಸಾಲದು, ವಿದ್ಯೆಯೂ ನಮ್ಮದಾಗಬೇಕು. ಗಣಿತದಲ್ಲಿ ಚುರುಕಾದ ಹುಡುಗ ಹುಡುಗಿಯರಿಗೆ ಉಪಾಧ್ಯಾಯರು ಕಚೇರಿಯ ಕುರ್ಚಿಯೊಂದನ್ನೇ ತೋರಿಸದೆ, ಕಡಲನ್ನೂ ತೋರಿಸಲಿ.